ಸೋಪು ನಮ್ಮದು, ಪರಿಮಳ ನಮ್ಮದು. ಲೇಬಲ್ಲು ಮಾತ್ರ ಯಾರದ್ದು?



ಕುಮಾರ ಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಕರಕುಶಲ ಮೇಳ ನಡೆಯುವಾಗ ಒಮ್ಮೆ ಒಳಗೆ ಹೋಗಿ ಬನ್ನಿ. ಮನೆಯಲ್ಲೇ ಮಾಡಿದ ಸೋಪು, ಬಣ್ಣಬಣ್ಣದ ಮೇಣದಬತ್ತಿ, ಸ್ನಾನದ ಪುಡಿ, ತಲೆಗೆ ಹಚ್ಚುವ ಎಣ್ಣೆ, ಎಲ್ಲ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಮಾರಲು ನಿಂತವರಲ್ಲಿ ಮಲ್ಲೇಶ್ವರದ, ಶೇಷಾದ್ರಿಪುರದ, ಬಸವನಗುಡಿಯ, ಚಾಮರಾಜಪೇಟೆಯ ನಮ್ಮದೇ ಅಕ್ಕತಂಗಿಯರು ಇರುತ್ತಾರೆ. ಬಾಯಿ ಬಿಟ್ಟರೆ ಅಚ್ಚಗನ್ನಡ. "ಬನ್ನಿ ಸಾರ್, ಹೊಂಗೆ ಎಣ್ಣೆ ಹಾಕಿ ಮಾಡಿದ್ದು, ಮೈಗೆ ತುಂಬಾ ಒಳ್ಳೇದು" ಎಂದು ಪ್ರೀತಿಯಿಂದ ಕರೆಯುತ್ತಾರೆ. ಸಂತೋಷ!

ಈಗ ಆ ಸೋಪನ್ನು ಕೈಗೆತ್ತಿಕೊಂಡು ಅದರ ಲೇಬಲ್ ಓದಿ. ಮುಂದೆ ನೋಡಿ, ಹಿಂದೆ ನೋಡಿ, ಅಂಚಿನಲ್ಲಿ ನೋಡಿ. ಒಂದಾದರೂ ಕನ್ನಡ ಅಕ್ಷರ ಸಿಕ್ಕಿತೇ? ಸಿಕ್ಕಿದರೆ ನಿಮ್ಮ ಪುಣ್ಯ! ಹೆಸರು ಫ್ರೆಂಚೋ ಇಟಾಲಿಯನ್ನೋ, ಇಟ್ಟವರಿಗೂ ತಿಳಿಯದು, ಕೊಂಡವರಿಗೂ ತಿಳಿಯದು. ಹೊಂಗೆ ಎಣ್ಣೆ ಎಂದು ಬಾಯಲ್ಲಿ ಹೇಳಿದ್ದು ಲೇಬಲ್ಲಿನಲ್ಲಿ ಇಂಗ್ಲಿಷಾಗಿದೆ. ಕಡಲೆಹಿಟ್ಟು, ಅರಿಶಿನ, ಸೀಗೆಕಾಯಿ, ಅಂಟುವಾಳ ಎಲ್ಲವೂ ಕೋಟು ಬೂಟು ಹಾಕಿಕೊಂಡು ನಿಂತಿವೆ. ನಮ್ಮ ಅಜ್ಜಿಯ ಬಚ್ಚಲುಮನೆಯಿಂದ ಹೊರಟ ವಸ್ತು ಪೊಟ್ಟಣದೊಳಗೆ ಹೋಗುವಷ್ಟರಲ್ಲಿ ಅಜ್ಜಿಗೇ ಓದಲಾಗದಂತಾಯಿತು!

ನಾನು ಕುಮಾರ ಪಾರ್ಕಿನಲ್ಲಿ ಒಂದು ಸಣ್ಣ ಮುದ್ರಣಾಲಯ ನಡೆಸುವವನು. ಓದಿದ್ದು ಪಿಯುಸಿವರೆಗೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕುವ ಕಸುಬು. ಮೊಬೈಲು ಬಂದು ಕಾರ್ಡು ಕಡಿಮೆಯಾಯಿತು, ಕಂಪ್ಯೂಟರು ಬಂದು ಬಿಲ್ ಬುಕ್ಕು ಕಡಿಮೆಯಾಯಿತು. ಆದರೆ ೨೦೨೦ರ ಲಾಕ್‌ಡೌನ್ ನಂತರ ಒಂದು ಹೊಸ ಕೆಲಸ ಬಾಗಿಲಿಗೆ ಬರತೊಡಗಿತು. ಅದೇ ಈ ಮನೆ ಉದ್ಯಮಗಳ ಲೇಬಲ್ಲು. ಇನ್ನೂರು ಸ್ಟಿಕ್ಕರು, ಐನೂರು ಸ್ಟಿಕ್ಕರು, ಸೋಪಿಗೆ ಸುತ್ತುವ ಪಟ್ಟಿ, ಮೇಣದಬತ್ತಿಯ ಡಬ್ಬಿಗೆ ಅಂಟಿಸುವ ಚೀಟಿ. ಈ ಕೆಲಸ ತರುವವರ ಬಗ್ಗೆ ನನಗೆ ಗೌರವವಿದೆ. ಅಡುಗೆಮನೆಯ ಮೂಲೆಯಲ್ಲಿ, ಮಕ್ಕಳು ಶಾಲೆಗೆ ಹೋದ ಮೇಲೆ, ಯಾರ ಹಂಗೂ ಇಲ್ಲದೆ ನಾಲ್ಕು ಕಾಸು ಸಂಪಾದಿಸುವ ಈ ಹೆಣ್ಣುಮಕ್ಕಳನ್ನು ಹೀಗಳೆಯಲು ನಾನು ಬರೆಯುತ್ತಿಲ್ಲ. ಅವರ ಪರವಾಗಿಯೇ ಬರೆಯುತ್ತಿದ್ದೇನೆ.

ಕಾನೂನಿನಲ್ಲೇ ಕನ್ನಡಕ್ಕೆ ಬಾಗಿಲಿಲ್ಲ!

ತಪ್ಪು ಈ ಅಕ್ಕತಂಗಿಯರದ್ದು ಮಾತ್ರವೇ? ಅಲ್ಲ ಸ್ವಾಮಿ! ಮೊದಲು ದೆಹಲಿಯ ಕಡೆ ನೋಡೋಣ.

ಪೊಟ್ಟಣ ಕಟ್ಟಿ ಮಾರುವ ಸರಕಿಗೆ ಕೇಂದ್ರ ಸರ್ಕಾರದ ೨೦೧೧ರ ಕಾನೂನು ಮಾಪನ ನಿಯಮಗಳಿವೆ. ತಯಾರಕರ ಹೆಸರು ವಿಳಾಸ, ಸರಕಿನ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ, ಇವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು. ಸರಿ, ಗ್ರಾಹಕನಿಗೆ ಒಳ್ಳೆಯದೇ. ಆದರೆ ಯಾವ ಭಾಷೆಯಲ್ಲಿ? ಅದೇ ನಿಯಮಗಳ ೯ನೇ ನಿಯಮ ಹೇಳುತ್ತದೆ: ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕು! ಬೇರೆ ಭಾಷೆ ಬೇಕಿದ್ದರೆ ಇವುಗಳ ಜೊತೆಗೆ ಹಾಕಿಕೊಳ್ಳಬಹುದಂತೆ. ಅಂದರೆ ಕನ್ನಡ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಹಿಂದಿ ಅಥವಾ ಇಂಗ್ಲಿಷು ಇಲ್ಲದಿದ್ದರೆ ಮಾತ್ರ ಅಪರಾಧ!

ಇದರ ಅರ್ಥ ಏನು, ಸ್ವಲ್ಪ ಯೋಚಿಸಿ. ಮಲ್ಲೇಶ್ವರದಲ್ಲಿ ಮಾಡಿದ ಸೋಪು. ಎಂಟನೇ ಕ್ರಾಸಿನಲ್ಲಿ ಮಾರಾಟ. ಮಾಡಿದವರು ಕನ್ನಡಿಗರು, ಕೊಂಡವರು ಕನ್ನಡಿಗರು. ಲೇಬಲ್ಲು ಪೂರಾ ಶುದ್ಧ ಕನ್ನಡದಲ್ಲಿದ್ದರೆ ಅದು ಕಾನೂನಿಗೆ ಒಪ್ಪಿಗೆಯಿಲ್ಲ. ಅದೇ ಸೋಪಿನ ಲೇಬಲ್ಲು ಪೂರಾ ಹಿಂದಿಯಲ್ಲಿದ್ದರೆ ಈ ನಿಯಮದ ಪ್ರಕಾರ ಸರಿ! ಅಂಕಿಯ ಕಥೆಯೂ ಇದೇ. ೨೦೦೯ರ ಮಾಪನ ಕಾಯಿದೆ ಒಪ್ಪುವುದು ಅಂತಾರಾಷ್ಟ್ರೀಯ ರೂಪದ ಅಂಕಿಗಳನ್ನು ಮಾತ್ರ. ತೂಕವನ್ನು ೧೦೦ ಗ್ರಾಂ ಎಂದು ಕನ್ನಡದ ಅಂಕಿಯಲ್ಲಿ ಮಾತ್ರ ಬರೆದರೆ ಸಾಲದು. ಕನ್ನಡ ಅತಿಥಿಯಂತೆ ಮೂಲೆಯಲ್ಲಿ ನಿಲ್ಲಬೇಕು, ಅದೂ ಕನ್ನಡದ ನೆಲದಲ್ಲೇ!

ನಮ್ಮ ರಾಜ್ಯ ಸರ್ಕಾರ ಏನು ಮಾಡಿದೆ? ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ೨೦೨೨ ಎಂಬ ಕಾಯಿದೆ ಬಂತು. ಅಂಗಡಿ ಬೋರ್ಡಿನಲ್ಲಿ ಶೇಕಡಾ ೬೦ ಕನ್ನಡ ಇರಬೇಕೆಂದು ೨೦೨೪ರಲ್ಲಿ ತಿದ್ದುಪಡಿಯಾಯಿತು. ಆ ಸುದ್ದಿ ಎಲ್ಲರಿಗೂ ಗೊತ್ತು. ಆದರೆ ಅದೇ ಕಾಯಿದೆಯ ೧೭ನೇ ಪ್ರಕರಣದಲ್ಲಿ ಸರಕುಗಳ ಮಾತೂ ಇದೆ. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಸುವ ಬಗೆ ಬೇರೆ ಭಾಷೆಯ ಜೊತೆಗೆ ಕನ್ನಡದಲ್ಲೂ ಇರಬೇಕು ಎಂಬುದು ಅದರ ಆಶಯ. ೨೦೨೫ರ ಫೆಬ್ರವರಿಯಲ್ಲಿ ಸರ್ಕಾರ ಇದನ್ನು ಜಾರಿಗೆ ತರಲು ಆದೇಶವನ್ನೂ ಹೊರಡಿಸಿತು. ನನ್ನ ಮುದ್ರಣಾಲಯಕ್ಕೆ ಲೇಬಲ್ ಮಾಡಿಸಲು ಬರುವವರನ್ನು ಕೇಳಿದರೆ, "ಹೌದಾ ಸಾರ್? ಅಂಗಡಿ ಬೋರ್ಡಿಗೆ ಅಲ್ವಾ ಅದು?" ಎನ್ನುತ್ತಾರೆ. ಆದೇಶ ವಿಧಾನಸೌಧದ ಮೆಟ್ಟಿಲಿಳಿದು ಕುಮಾರ ಪಾರ್ಕಿಗೆ ನಡೆದು ಬರಲು ಎಷ್ಟು ಹೊತ್ತು ಬೇಕು? ಅರ್ಧ ಗಂಟೆಯ ದಾರಿ!

ಇದು ಬರೀ ಅಭಿಮಾನದ ಮಾತಲ್ಲ

"ಅಯ್ಯೋ, ಸೋಪಿನ ಮೇಲೆ ಕನ್ನಡ ಇಲ್ಲದಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ?" ಎಂದು ಕೇಳುವ ಮಹನೀಯರಿದ್ದಾರೆ. ಅವರಿಗೆ ಮೂರು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಲಿ.

ಮೊದಲನೆಯದು ಸ್ನಾನದ ಉಪ್ಪು. ಬಿಸಿನೀರಿಗೆ ಹಾಕಿ ಕಾಲು ನೆನೆಸಲು ಗಾಜಿನ ಭರಣಿಯಲ್ಲಿ ಉಪ್ಪು ತುಂಬಿ ಮಾರುತ್ತಾರೆ. ಅದರಲ್ಲಿ ಹೆಚ್ಚಾಗಿ ಇರುವುದು ಮೆಗ್ನೀಸಿಯಂ ಸಲ್ಫೇಟ್, ಜೊತೆಗೆ ಸುಗಂಧ ತೈಲ. ನೋಡಲು ನಮ್ಮ ಕಲ್ಲುಪ್ಪಿನ ಹಾಗೆಯೇ. ಮಗಳು ತಂದು ಮನೆಯಲ್ಲಿಟ್ಟಳು. ಇಂಗ್ಲಿಷು ಬಾರದ ತಾಯಿ, ಇಲ್ಲವೇ ಅಡುಗೆಗೆ ಬರುವ ಹೆಂಗಸು, ಅದನ್ನು ಸಾರಿಗೆ ಹಾಕಿದರೆ ಯಾರು ಹೊಣೆ? "ಅಡುಗೆಗೆ ಬಳಸಬೇಡಿ" ಎಂಬ ಎರಡೇ ಪದ ಕನ್ನಡದಲ್ಲಿದ್ದರೆ ಸಾಕಿತ್ತು.

ಎರಡನೆಯದು ಸೋಪಿನ ಆಕಾರ. ಈಗ ಮೈಸೂರುಪಾಕಿನ ಹಾಗೆ ಕತ್ತರಿಸಿದ ಸೋಪು, ಕೇಕಿನ ಹಾಗೆ ಕಾಣುವ ಸೋಪು, ಲೋಟದಲ್ಲಿ ಕಾಫಿಯೋ ಪಾಯಸವೋ ಎಂದು ಮೋಸಹೋಗುವಂಥ ಮೇಣದಬತ್ತಿ ಎಲ್ಲ ಬಂದಿವೆ. ಕೈಚಳಕ ಮೆಚ್ಚಬೇಕು! ಆದರೆ ಆ ಡಬ್ಬಿ ತೆರೆಯುವುದು ಬರೀ ಇಂಗ್ಲಿಷು ಬಲ್ಲ ಮೇಡಮ್ಮುಗಳಲ್ಲ. ಕನ್ನಡ ಶಾಲೆಯ ಮೂರನೇ ತರಗತಿಯ ಮಗುವೂ ತೆರೆಯುತ್ತದೆ. "ಇದು ತಿನ್ನುವ ವಸ್ತುವಲ್ಲ" ಎಂದು ಆ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯುವುದು ದುರಭಿಮಾನವೇ?

ಮೂರನೆಯದು, ಎಲ್ಲಕ್ಕಿಂತ ಗಂಭೀರವಾದದ್ದು, ಕಾಸ್ಟಿಕ್ ಸೋಡಾ. ನಿಜವಾದ ಸೋಪು ಆಗುವುದು ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿದಾಗಲೇ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಹೆಚ್ಚುಕಡಿಮೆ ೧೮೦ ಗ್ರಾಂ ಸೋಡಾ ಬೇಕು. ಕಡಿಮೆಯಾದರೆ ಸೋಪು ಎಣ್ಣೆಎಣ್ಣೆಯಾಗುತ್ತದೆ, ಹೆಚ್ಚಾದರೆ ಮೈ ಉರಿಸುತ್ತದೆ. ಈ ಸೋಡಾ ನೀರಿಗೆ ಬಿದ್ದ ಕೂಡಲೇ ಕುದಿಯುವಷ್ಟು ಬಿಸಿಯಾಗುತ್ತದೆ. ಆದ್ದರಿಂದ ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಸುರಿದರೆ ಸಿಡಿದು ಕಣ್ಣಿಗೆ ಹಾರುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆ ಕೂಡದು, ಸೋಡಾ ಅದನ್ನು ತಿಂದುಬಿಡುತ್ತದೆ. ಈ ನಾಲ್ಕು ಮಾತು ಸೋಪು ಮಾಡುವ ಪ್ರತಿಯೊಬ್ಬರಿಗೂ ಅವರ ತಾಯ್ನುಡಿಯಲ್ಲಿ ತಿಳಿದಿರಬೇಕು. ಆದರೆ ಸೋಡಾದ ಡಬ್ಬಿಯ ಮೇಲೆ ಎಚ್ಚರಿಕೆ ಇರುವುದು ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಹಿಂದಿಯಲ್ಲಿ. ಉದ್ಯಮ ಸ್ವಲ್ಪ ಬೆಳೆದು ಯಜಮಾನಿತಿ ಪಕ್ಕದ ಬೀದಿಯಿಂದ ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡರೆ, ಆ ಡಬ್ಬಿ ಎತ್ತಿ ಸುರಿಯುವ ಕೈ ಅವರದ್ದು. ಸುಡುವುದೂ ಅವರ ಕೈಯೇ.

ಈಗ ಹೇಳಿ, ಇದು ಬರೀ ಭಾಷಾಭಿಮಾನದ ಪ್ರಶ್ನೆಯೇ?

ನೂರು ವರ್ಷದ ಹಿಂದೆ ನಾಚಿಕೆ ಇರಲಿಲ್ಲ

ಇನ್ನು ಹೆಸರಿನ ವಿಚಾರ. "ಕನ್ನಡದ ಹೆಸರಿಟ್ಟರೆ ಮಾಲು ಹೋಗಲ್ಲ ಸಾರ್, ಲೋಕಲ್ ಅಂತಾರೆ" ಎಂಬ ಮಾತನ್ನು ನಾನು ಕೇಳಿ ಕೇಳಿ ಸಾಕಾಗಿದೆ. ಇದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ, ಯಶವಂತಪುರದ ಪಕ್ಕದಲ್ಲೇ ಇದೆ.

ಮೊದಲನೇ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತಿತು. ಮರ ನಮ್ಮದು, ಎಣ್ಣೆ ತೆಗೆಯುತ್ತಿದ್ದವರು ಅಲ್ಲಿನವರು. ಕೊಳ್ಳುವವರಿಲ್ಲದೆ ಗಂಧದ ಕೊರಡು ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಕೈಕಟ್ಟಿ ಕೂರಲಿಲ್ಲ. ಟಾಟಾ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ ೧೯೧೬ರಲ್ಲಿ ಇಲ್ಲೇ ಗಂಧದೆಣ್ಣೆ ಬಟ್ಟಿ ಇಳಿಸಿದರು. ಬಳಿಕ ಆ ಎಣ್ಣೆಯಿಂದ ಸೋಪು ಮಾಡುವ ಯೋಚನೆ ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸೋಪಿನ ವಿದ್ಯೆ ಕಲಿತು ಬರಲು ಲಂಡನ್ನಿಗೆ ಕಳಿಸಿದರು. ಅವರು ಕಲಿತು ಬಂದು ಮಾಡಿದ ಸೋಪಿಗೆ ಲಂಡನ್ನಿನ ಹೆಸರಿಟ್ಟರೇ? ಪ್ಯಾರಿಸಿನ ಹೆಸರಿಟ್ಟರೇ? ಮೈಸೂರಿನ ಹೆಸರಿಟ್ಟರು! ನಮ್ಮ ಪುರಾಣದ ಶರಭವನ್ನು, ಆನೆಯ ತಲೆ ಸಿಂಹದ ಮೈಯ ಆ ಪ್ರಾಣಿಯನ್ನು, ಮುದ್ರೆಯಾಗಿ ಹಾಕಿದರು. ಒಡವೆ ಪೆಟ್ಟಿಗೆಯಂತೆ ಡಬ್ಬಿ ಮಾಡಿಸಿದರು. ಜನ ಅವರನ್ನು ಪ್ರೀತಿಯಿಂದ "ಸೋಪು ಶಾಸ್ತ್ರಿ" ಎಂದೇ ಕರೆದರು.

ಆ ಸರ್ಕಾರಿ ಸೋಪು ಕಾರ್ಖಾನೆ ೧೯೫೭ರಲ್ಲಿ ಈಗಿನ ಜಾಗಕ್ಕೆ ಬಂತು. ೧೯೮೦ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು. ೨೦೦೬ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಊರಿನ ಹೆಸರೇ ಅದರ ಬಂಡವಾಳ! ಊರಿನ ಹೆಸರು ತೆಗೆದುಬಿಡಿ, ಉಳಿಯುವುದು ಅಂಗಡಿಯಲ್ಲಿರುವ ಹತ್ತು ಸೋಪಿನ ಜೊತೆಗೆ ಹನ್ನೊಂದನೆಯದು, ಅಷ್ಟೇ.

೨೦೨೫ರ ಮೇ ತಿಂಗಳಲ್ಲಿ ಇದೇ ಸೋಪಿನ ಪ್ರಚಾರಕ್ಕೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ ೬.೨ ಕೋಟಿ ರೂಪಾಯಿ ಕೊಟ್ಟು ನೇಮಿಸಿದಾಗ ಕನ್ನಡಿಗರು ಸಿಟ್ಟಾದರು. ಕನ್ನಡದ ಕಲಾವಿದರು ಇರಲಿಲ್ಲವೇ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ನನ್ನದೊಂದು ಪ್ರಶ್ನೆ: ಜಾಹೀರಾತಿನ ಮುಖ ಯಾರದ್ದು ಎಂದು ಬೀದಿಗಿಳಿದ ನಾವು, ನಮ್ಮದೇ ಮನೆಯಲ್ಲಿ ತಯಾರಾಗುವ ಸೋಪಿನ ಲೇಬಲ್ಲಿನ ಭಾಷೆ ಯಾವುದು ಎಂದು ಎಂದಾದರೂ ತಿರುಗಿಸಿ ನೋಡಿದ್ದೇವೆಯೇ? ಮುಖ ಎರಡು ವರ್ಷ ಇರುತ್ತದೆ, ಹೋಗುತ್ತದೆ. ಲೇಬಲ್ಲು ದಿನಾ ಬೆಳಿಗ್ಗೆ ಬಚ್ಚಲಿಗೆ ಬರುತ್ತದೆ!

ಮುದ್ರಕನ ಲೆಕ್ಕ

ಕನ್ನಡ ಹಾಕಿ ಎಂದರೆ ಮೂರು ನೆವ ಹೇಳುತ್ತಾರೆ. ನಾನು ಅಚ್ಚಿನ ಮನೆಯವನು, ಲೆಕ್ಕ ಒಪ್ಪಿಸುತ್ತೇನೆ.

"ಖರ್ಚು ಜಾಸ್ತಿಯಾಗುತ್ತದೆ" ಎನ್ನುತ್ತಾರೆ. ಸುಳ್ಳು! ಆಫ್‌ಸೆಟ್ಟಿನಲ್ಲಿ ಖರ್ಚು ಏರುವುದು ಬಣ್ಣ ಹೆಚ್ಚಿದರೆ, ಪ್ಲೇಟು ಹೆಚ್ಚಿದರೆ, ಕಾಗದ ಹೆಚ್ಚಿದರೆ. ಇಂಗ್ಲಿಷಿನ ಅದೇ ಬಣ್ಣದಲ್ಲಿ, ಅದೇ ಪ್ಲೇಟಿನಲ್ಲಿ ಕನ್ನಡವೂ ಕೂತರೆ ಒಂದು ಪೈಸೆ ಹೆಚ್ಚಿಲ್ಲ. ಡಿಜಿಟಲ್ ಸ್ಟಿಕ್ಕರಿನಲ್ಲಿ ಲೆಕ್ಕ ಹಾಳೆಗೆ, ಅಕ್ಷರಕ್ಕಲ್ಲ.

"ಜಾಗ ಸಾಲದು" ಎನ್ನುತ್ತಾರೆ. ೧೦೦ ಗ್ರಾಂ ಸೋಪಿಗೆ ಸುತ್ತುವ ಪಟ್ಟಿಗೆ ನಾಲ್ಕು ಮುಖ ಇದೆ. ಒಂದು ಮುಖದಲ್ಲಿ ಹೂವಿನ ಬಳ್ಳಿ, ಇನ್ನೊಂದರಲ್ಲಿ ಇಂಗ್ಲಿಷಿನ ಉಪದೇಶ. ಬಳ್ಳಿ ಸ್ವಲ್ಪ ಸಣ್ಣದಾದರೆ ಕನ್ನಡಕ್ಕೆ ಒಂದು ಮುಖ ಪೂರ್ತಿ ಸಿಗುತ್ತದೆ. ಜಾಗ ಇಲ್ಲದಿರುವುದು ಕಾಗದದಲ್ಲಲ್ಲ, ಮನಸ್ಸಿನಲ್ಲಿ!

"ಕನ್ನಡ ಅಂದವಾಗಿ ಬರುವುದಿಲ್ಲ, ಅಕ್ಷರ ಒಡೆಯುತ್ತದೆ" ಎನ್ನುತ್ತಾರೆ. ಇದರಲ್ಲಿ ಅರ್ಧ ನಿಜವಿದೆ, ಒಪ್ಪುತ್ತೇನೆ. ಕನ್ನಡ ಬಾರದ ಡಿಸೈನರು ಮಾಡಿದ ಫೈಲು ಬರುತ್ತದೆ. "ಸ್ನಾನ" ಎಂಬುದು "ಸ್‌ನಾನ" ಆಗಿರುತ್ತದೆ. ಒತ್ತಕ್ಷರ ಒಂದು ಕಡೆ, ಮೂಲಾಕ್ಷರ ಇನ್ನೊಂದು ಕಡೆ. ತಂತ್ರಾಂಶದಲ್ಲಿ ಭಾರತೀಯ ಲಿಪಿ ಜೋಡಿಸುವ ಆಯ್ಕೆಯನ್ನು ಹಾಕಿಕೊಳ್ಳದಿದ್ದರೆ ಹೀಗಾಗುತ್ತದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಬೇರೆ ಫಾಂಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷು ಅಕ್ಷರಗಳ ರಾಶಿ ಕಾಣುತ್ತದೆ. ಇದಕ್ಕೆ ಮದ್ದು ಸುಲಭ. ಯೂನಿಕೋಡಿನಲ್ಲಿ ಟೈಪು ಮಾಡಿಸಿ. ಸಾಲಿನಿಂದ ಸಾಲಿಗೆ ಇಂಗ್ಲಿಷಿಗಿಂತ ಸ್ವಲ್ಪ ಹೆಚ್ಚು ಅಂತರ ಬಿಡಿಸಿ, ಆಗ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವುದಿಲ್ಲ. ಪ್ರೂಫನ್ನು ಮೊಬೈಲಿನಲ್ಲಿ ನೋಡಿ ಅಂಗೂಠ ಒತ್ತಿ ಕಳಿಸಬೇಡಿ. ಕಾಗದದ ಮೇಲೆ ತೆಗೆಸಿ, ಕನ್ನಡ ಓದುವ ಹಿರಿಯರ ಕೈಗೆ ಕೊಟ್ಟು ತಿದ್ದಿಸಿ. ಅದಕ್ಕೆ ಬೇಕಾಗುವುದು ಹತ್ತು ನಿಮಿಷ.

೨೦೨೫ರ ಸೆಪ್ಟೆಂಬರ್ ೨೨ರಿಂದ ಸ್ನಾನದ ಸೋಪಿನ ಮೇಲಿನ ಜಿಎಸ್‌ಟಿ ಶೇಕಡಾ ೧೮ರಿಂದ ೫ಕ್ಕೆ ಇಳಿಯಿತಲ್ಲ, ಆಗ ಬೆಲೆ ಬದಲಿಸಿ ಲೇಬಲ್ಲು ತಿದ್ದಿಸಿದವರಿದ್ದಾರೆ. ತೆರಿಗೆಗಾಗಿ ಲೇಬಲ್ಲು ಬದಲಾಗುತ್ತದೆ, ತಾಯ್ನುಡಿಗಾಗಿ ಬದಲಾಗುವುದಿಲ್ಲವೇ?

ಹೇಗೆ ಬರೆಯಬೇಕು?

ಇನ್ನೊಂದು ರೋಗವಿದೆ. ಕನ್ನಡ ಹಾಕುತ್ತೇವೆಂದು ಮನಸ್ಸು ಮಾಡಿದವರೂ ಮೊಬೈಲಿನ ಅನುವಾದಕ್ಕೆ ಕೊಟ್ಟು, ಅದು ಉಗುಳಿದ್ದನ್ನು ಹಾಗೇ ತರುತ್ತಾರೆ. ಎಣ್ಣೆಯನ್ನು ಕುದಿಸದೆ ಮಾಡುವ ಸೋಪಿಗೆ "ಶೀತ ಪ್ರಕ್ರಿಯೆ ಸಾಬೂನು" ಎಂದರೆ ಯಾರಿಗೆ ತಿಳಿಯುತ್ತದೆ? ಮಂಜುಗಡ್ಡೆಯಲ್ಲಿ ಮಾಡಿದ್ದೇನೋ ಅಂದುಕೊಂಡಾರು! ನಮ್ಮ ಮನೆಮಾತಿನಲ್ಲೇ ಬರೆಯಿರಿ.

"ಕುದಿಸದೆ ಕೈಯಲ್ಲೇ ಮಾಡಿದ ಸೋಪು." "ಆರು ವಾರ ಒಣಗಿಸಿ ಹದ ಮಾಡಿದ್ದು." "ಮೈಗೆ ಹಚ್ಚಲು ಮಾತ್ರ." "ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ. ತುರಿಕೆ ಬಂದರೆ ಬಳಸಬೇಡಿ." "ಕಣ್ಣಿಗೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ." "ನೀರು ಬಸಿಯುವ ತಟ್ಟೆಯಲ್ಲಿಡಿ, ಹೆಚ್ಚು ದಿನ ಬಾಳುತ್ತದೆ."

ಮೇಣದಬತ್ತಿಗೆ: "ಉರಿಯುವ ಬತ್ತಿಯನ್ನು ಬಿಟ್ಟು ಹೊರಗೆ ಹೋಗಬೇಡಿ." "ಪರದೆ, ಕಾಗದ, ಫ್ಯಾನಿನ ಹತ್ತಿರ ಇಡಬೇಡಿ." "ಪ್ರತಿ ಸಲ ಹಚ್ಚುವ ಮೊದಲು ಬತ್ತಿಯ ತುದಿಯನ್ನು ಕಾಲು ಅಂಗುಲ ಉಳಿಸಿ ಕತ್ತರಿಸಿ." "ಮಕ್ಕಳ ಕೈಗೆ ಸಿಗದಂತೆ ಇಡಿ."

ಇದರಲ್ಲಿ ಯಾವ ಪದ ಕಷ್ಟ? ಯಾವ ಪದಕ್ಕೆ ಪಂಡಿತರು ಬೇಕು? ಮೈ ತೊಳೆಯುವ ವಿದ್ಯೆಯಲ್ಲಿ ನಮ್ಮ ಭಾಷೆ ಬಡವಾಗಿಲ್ಲ. ಅಭ್ಯಂಜನ, ಎಣ್ಣೆ ನೀರು, ಸೀಗೆಪುಡಿ, ಚಿಗರೆಪುಡಿ, ಹೆಸರುಹಿಟ್ಟು, ಹಂಡೆ, ಬಚ್ಚಲು... ದೀಪಾವಳಿಗೆ ನೀರು ತುಂಬುವ ಹಬ್ಬವನ್ನೇ ಮಾಡುವ ಜನ ನಾವು! ಸ್ನಾನಕ್ಕೇ ಒಂದು ಹಬ್ಬ ಕೊಟ್ಟ ನಾಡಿಗೆ ಸೋಪಿನ ಲೇಬಲ್ಲು ಬರೆಯಲು ಪದವಿಲ್ಲವೇ?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕನ್ನಡ ಹಾಕಿದ ಮಾತ್ರಕ್ಕೆ ಉಳಿದ ಕಾನೂನು ಬಿಟ್ಟುಹೋಗುವುದಿಲ್ಲ. ಸೋಪು, ಸ್ನಾನದ ಪುಡಿಯಂಥವು ಸೌಂದರ್ಯವರ್ಧಕಗಳ ಲೆಕ್ಕಕ್ಕೆ ಬರುತ್ತವೆ. ೨೦೨೦ರ ನಿಯಮಗಳ ಪ್ರಕಾರ ಮಾರಲು ತಯಾರಿಸುವವರು ಮನೆಯಲ್ಲೇ ಮಾಡಿದರೂ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಪರವಾನಗಿ ಪಡೆಯಬೇಕು. ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ವಸ್ತುಗಳ ಪಟ್ಟಿ, ಯಾವಾಗಿನೊಳಗೆ ಬಳಸಬೇಕು ಎಂಬುದು ಲೇಬಲ್ಲಿನಲ್ಲಿ ಇರಬೇಕು. ಮೇಣದಬತ್ತಿಗೆ ಈ ಪರವಾನಗಿ ಬೇಡ. ಇನ್ನು ಕೃತಕ ಸುವಾಸನೆ ಹಾಕಿ "ಅಪ್ಪಟ ಶ್ರೀಗಂಧ" ಎಂದು ಕನ್ನಡದಲ್ಲಿ ಬರೆಯುವುದು ಕನ್ನಡ ಸೇವೆಯಲ್ಲ, ಕನ್ನಡದಲ್ಲಿ ಹೇಳಿದ ಸುಳ್ಳು! ಜನ ಓದಿ ಅರ್ಥ ಮಾಡಿಕೊಳ್ಳುವ ಭಾಷೆಯಲ್ಲಿ ಸುಳ್ಳು ಹೇಳುವುದು ಕಷ್ಟ. ಇಂಗ್ಲಿಷು ಲೇಬಲ್ಲಿನ ಮೋಹ ಕೆಲವರಿಗೆ ಬಿಡದಿರಲು ಇದೂ ಒಂದು ಕಾರಣವಿರಬಹುದು.

ಹೋರಾಟಗಾರರಿಗೂ ಒಂದು ಮಾತು

ನಮ್ಮ ಹೋರಾಟದ ಗೆಳೆಯರಿಗೆ ಕೈಮುಗಿದು ಕೇಳಿಕೊಳ್ಳುತ್ತೇನೆ. ಇಂಗ್ಲಿಷು ಬೋರ್ಡಿಗೆ ಮಸಿ ಬಳಿದ ಹುರುಪಿನಲ್ಲಿ ಮೇಳದ ಮೇಜಿನ ಮುಂದೆ ಹೋಗಿ ಗಲಾಟೆ ಮಾಡಬೇಡಿ. ಅಲ್ಲಿ ನಿಂತಿರುವವಳು ಬಹುರಾಷ್ಟ್ರೀಯ ಕಂಪನಿಯಲ್ಲ, ನಮ್ಮ ಮನೆಯ ಮಗಳು. ಐವತ್ತು ಸೋಪು ಹಾಳಾದರೆ ಅವಳ ತಿಂಗಳ ದುಡಿಮೆ ಹಾಳು. ಹೆದರಿ ಹಾಕಿದ ಕನ್ನಡ ನಾಳೆ ನೀವು ಅತ್ತ ಹೋದ ಕೂಡಲೇ ಮಾಯವಾಗುತ್ತದೆ. ಇಷ್ಟಪಟ್ಟು ಹಾಕಿದ ಕನ್ನಡ ಉಳಿಯುತ್ತದೆ.

ಅವಳ ಬಳಿಗೆ ಮಾದರಿ ಲೇಬಲ್ಲು ಹಿಡಿದುಕೊಂಡು ಹೋಗಿ. "ತಂಗೀ, ಇದನ್ನು ಹೀಗೆ ಹಾಕಿದರೆ ಕಾನೂನೂ ಒಪ್ಪುತ್ತದೆ, ಕನ್ನಡವೂ ಇರುತ್ತದೆ" ಎಂದು ತೋರಿಸಿ. ಒಂದು ಸೋಪು ಕೊಂಡು ಬನ್ನಿ. ಕನ್ನಡ ಲೇಬಲ್ಲಿರುವ ಸೋಪು ಬೇಗ ಖರ್ಚಾಗುತ್ತದೆಂದು ಗೊತ್ತಾದರೆ ಪಕ್ಕದ ಮೇಜಿನವಳೂ ಮುಂದಿನ ತಿಂಗಳು ನನ್ನಂಥ ಮುದ್ರಕನ ಬಾಗಿಲಿಗೆ ಬರುತ್ತಾಳೆ. ಸಿಟ್ಟನ್ನು ಉಳಿಸಿಟ್ಟುಕೊಳ್ಳಿ. ಅದು ಬೇಕಾಗಿರುವುದು ಬೇರೆ ಕಡೆ: ಕರ್ನಾಟಕದಲ್ಲೇ ಕಾರ್ಖಾನೆ ಇಟ್ಟು, ನಮ್ಮ ನೀರು ನಮ್ಮ ಕರೆಂಟು ಬಳಸಿ, ಕನ್ನಡವಿಲ್ಲದ ಪೊಟ್ಟಣವನ್ನು ಕನ್ನಡಿಗನಿಗೆ ಮಾರುವ ದೊಡ್ಡ ಕಂಪನಿಗಳ ಬಾಗಿಲಲ್ಲಿ. ೨೦೨೫ರ ಆದೇಶ ಮೊದಲು ಅಲ್ಲಿ ಜಾರಿಯಾಗಲಿ. ಸಣ್ಣವರ ಮೇಲೆ ದಂಡದ ಚಾಟಿ ಬೀಸಿ ದೊಡ್ಡವರಿಗೆ ಕಾಲಾವಕಾಶ ಕೊಡುವ ಹಳೆಯ ಚಾಳಿ ಇಲ್ಲಿ ನಡೆಯಬಾರದು.

ರಾಜ್ಯ ಸರ್ಕಾರಕ್ಕೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ನಮ್ಮ ಬೇಡಿಕೆ ಸರಳ. ಸೋಪು, ಮೇಣದಬತ್ತಿ, ಉಪ್ಪಿನಕಾಯಿ, ಹಪ್ಪಳ, ಮಸಾಲೆಪುಡಿ, ಹೀಗೆ ಮನೆಯಲ್ಲಿ ತಯಾರಾಗುವ ಒಂದೊಂದು ಸರಕಿಗೂ ಒಂದೊಂದು ಮಾದರಿ ಕನ್ನಡ ಲೇಬಲ್ಲು ಸಿದ್ಧಪಡಿಸಿ. ಒಡೆಯದ ಯೂನಿಕೋಡ್ ಅಕ್ಷರದಲ್ಲಿ, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸುವಂತೆ ಕೊಡಿ. ಸ್ತ್ರೀಶಕ್ತಿ ಸಂಘಗಳಿಗೆ, ಕೈಗಾರಿಕಾ ಕೇಂದ್ರಗಳಿಗೆ, ಮೇಳ ನಡೆಸುವವರಿಗೆ ತಲುಪಿಸಿ. ಸೋಪು ಮಾಡುವ ತರಬೇತಿ ಕೊಡುವವರೆಲ್ಲ ಕಾಸ್ಟಿಕ್ ಸೋಡಾದ ಎಚ್ಚರಿಕೆಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೈಗೆ ಕೊಡುವಂತೆ ಮಾಡಿ.

ದೆಹಲಿಗೆ ನಮ್ಮ ಬೇಡಿಕೆ ಇನ್ನೂ ಸರಳ. ೯ನೇ ನಿಯಮಕ್ಕೆ ಒಂದು ಸಾಲು ಸೇರಿಸಿ: ಒಂದು ರಾಜ್ಯದಲ್ಲೇ ತಯಾರಾಗಿ ಆ ರಾಜ್ಯದಲ್ಲೇ ಮಾರಾಟವಾಗುವ ಪೊಟ್ಟಣಕ್ಕೆ ಆ ರಾಜ್ಯದ ಭಾಷೆಯೇ ಸಾಕು. ಹಿಂದಿಯನ್ನು ತೆಗೆಯಿರಿ ಎಂದು ನಾವು ಕೇಳುತ್ತಿಲ್ಲ. ಕನ್ನಡವೂ ಈ ದೇಶದ ಭಾಷೆಯೆಂದು ಒಪ್ಪಿಕೊಳ್ಳಿ ಎನ್ನುತ್ತಿದ್ದೇವೆ. ತಮಿಳರಿಗೂ, ತೆಲುಗರಿಗೂ, ಮರಾಠಿಗರಿಗೂ ಇದರಿಂದ ಲಾಭವೇ. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಎತ್ತಬೇಕು. ಎತ್ತದಿದ್ದರೆ ಮತ ಕೇಳಲು ಬಂದಾಗ ಒಂದು ಸೋಪು ಕೈಗೆ ಕೊಟ್ಟು, "ಓದಿ ಸ್ವಾಮಿ" ಎನ್ನಿ!

ಕೊಳ್ಳುವ ಬಾಂಧವರೇ, ಕೊನೆಯ ಬಲ ನಿಮ್ಮದು. ಮುಂದಿನ ಸಲ ಮೇಳದಲ್ಲೋ, ಗಾಂಧಿ ಬಜಾರಿನಲ್ಲೋ, ಸಂಪಿಗೆ ರಸ್ತೆಯಲ್ಲೋ ಮನೆಯಲ್ಲಿ ಮಾಡಿದ ಸೋಪು ಕೊಳ್ಳುವಾಗ ಮೂಸಿ ನೋಡುವ ಮೊದಲು ತಿರುಗಿಸಿ ನೋಡಿ. ಕನ್ನಡ ಇದ್ದರೆ "ಕನ್ನಡ ಹಾಕಿದ್ದ್ದೀರಲ್ಲ, ಅದಕ್ಕೇ ಕೊಂಡೆ" ಎಂದು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ "ಮುಂದಿನ ಸಲ ಕನ್ನಡವೂ ಇರಲಿ ತಾಯಿ" ಎಂದು ನಗುನಗುತ್ತಾ ಹೇಳಿ. ಇದಕ್ಕೆ ಮೆರವಣಿಗೆ ಬೇಡ, ಬಾವುಟ ಬೇಡ, ಚಂದಾ ಬೇಡ. ದಿನಕ್ಕೆ ಒಬ್ಬರು ಹೇಳಿದರೆ ಸಾಕು, ಮೂರು ತಿಂಗಳಲ್ಲಿ ಲೇಬಲ್ಲಿನ ಬಣ್ಣ ಬದಲಾಗುತ್ತದೆ.

ಸೋಪಿಗೆ ಮೈಸೂರಿನ ಹೆಸರಿಟ್ಟು ಹಿರಿಯರು ಗೆದ್ದು ತೋರಿಸಿದ್ದಾರೆ. ನಮ್ಮ ಪಾಲಿಗೆ ಉಳಿದಿರುವುದು ಒಂದು ಅಂಗೈ ಅಗಲದ ಕಾಗದ. ಅದರಲ್ಲೂ ಕನ್ನಡಕ್ಕೆ ಜಾಗ ಕೊಡಲಾರೆವೆಂದರೆ, ಇನ್ನು ನಾಡಿನಲ್ಲಿ ಎಲ್ಲಿ ಜಾಗ ಕೊಟ್ಟೇವು?

ಜೈ ಕರ್ನಾಟಕ!